ಅತ್ತೆಯ ಬೆನ್ನೇರಿದ ಸುಂದ್ರಮ್ಮ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ರೆಸಾರ್ಟ್ ಇದೆ. ಅಲ್ಲಿನ ಹಾಸಿಗೆ ಬಟ್ಟೆ, ಟವಲು, ಪರದೆಗಳನ್ನೆಲ್ಲ ಒಗೆಸಿ, ಇಸ್ತ್ರಿ ಹಾಕಿಸಿ, ಮಡಿಸಿಡುವ ಕೋಣೆ ಸುಂದ್ರಮ್ಮನ ಸುಪರ್ದಿನಲ್ಲಿತ್ತು. ತೆರಕಣಾಂಬಿಯ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟರೆ ಅವಳು ವಾಪಸಾಗುವುದು ಸಂಜೆಗೆ. ಗಂಡ ಕನಕರಾಜು ಗೂಡ್ಸ್ ಆಟೊದಲ್ಲಿ ಟೊಮೆಟೊ, ಚೆಂಡುಹೂವು ಸಾಗಿಸುತ್ತಿದ್ದ. ಒಬ್ಬಳೇ ಮಗಳು ಭವ್ಯ, ಗುಂಡ್ಲುಪೇಟೆಯಲ್ಲಿ ಪಿಯುಸಿ ಓದುತ್ತಿದ್ದಳು.

ಸುಂದ್ರಮ್ಮ ಕುಳ್ಳಗಿದ್ದರೂ ಹೆಗಲು ಗಂಡಾಳಿನಂತೆ ಗಟ್ಟಿ. ಚಂದಕವಾಡಿಯಿಂದ ಮದುವೆಯಾಗಿ ಬಂದ ದಿನವೇ ಆ ಹೆಗಲಿಗೆ ಕೆಲಸ ಬಿದ್ದಿತ್ತು. ಅತ್ತೆ ಮಹಾಲಕ್ಷ್ಮಮ್ಮ ಅದಕ್ಕೆ ಹಿಂದಿನ ವರ್ಷ ಹುಲ್ಲಿನ ಹೊರೆ ಹೊತ್ತು ಬದು ಇಳಿಯುವಾಗ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಸರ್ಕಾರದವರು ಕೊಟ್ಟ ಗಾಲಿಕುರ್ಚಿ ಮನೆಯ ಹೊಸಿಲು ದಾಟುತ್ತಿರಲಿಲ್ಲ, ಓಣಿಯ ಕಲ್ಲಿನ ಮೇಲೆ ಓಡುತ್ತಲೂ ಇರಲಿಲ್ಲ. ಹಾಗಾಗಿ ಬಚ್ಚಲಿಗೆ, ಬಿಸಿಲಿಗೆ, ಜಗಲಿಗೆ, ಎಲ್ಲಿಗಾದರೂ ಸೊಸೆಯ ಬೆನ್ನೇ ಗತಿಯಾಯಿತು.

ಬೆನ್ನೇರಿದ ಮಹಾಲಕ್ಷ್ಮಮ್ಮ ಕೊರಳು ತಬ್ಬಿಕೊಂಡು ಕಿವಿಯಲ್ಲಿ ಒಂದೇ ಸಮ ಮಾತಾಡುತ್ತಿದ್ದಳು. ಸಾರಿಗೆ ಉಪ್ಪು ಕಮ್ಮಿಯಾಯಿತು, ಪಕ್ಕದ ಮನೆ ಹಸು ಕರು ಹಾಕಿತು, ಆ ಕಡೆ ಬೇಡ ಈ ಕಡೆ ತಿರುಗು. ಇಬ್ಬರಿಗೂ ಜಗಳ ಬಿದ್ದು ಮಾತು ಬಿಟ್ಟ ದಿನಗಳೂ ಇದ್ದವು. ಆಗಲೂ ಹೊರುವುದು ಮಾತ್ರ ತಪ್ಪಲಿಲ್ಲ. ಒಬ್ಬಳು ಸಿಟ್ಟಿನಲ್ಲಿ ಬೆನ್ನು ಕೊಡುವಳು, ಇನ್ನೊಬ್ಬಳು ಸಿಟ್ಟಿನಲ್ಲಿ ಏರುವಳು. ಭವ್ಯ ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಮಹಾಲಕ್ಷ್ಮಮ್ಮ ಬಿಸಿಲಿಗೆ ಕೂತಲ್ಲೇ ತೀರಿಕೊಂಡಳು. ಆಮೇಲೂ ಎಷ್ಟೋ ತಿಂಗಳು ಸುಂದ್ರಮ್ಮ ಬಚ್ಚಲ ಬಾಗಿಲು ದಾಟುವಾಗ ಹಿಂದೆ ತಲೆಯೊಂದಿದೆ ಎಂಬಂತೆ ಬಗ್ಗಿಯೇ ದಾಟುತ್ತಿದ್ದಳು.

ಹೋದ ವರ್ಷದ ಹಿಂದಿನ ವರ್ಷ, ಅಕ್ಟೋಬರಿನಲ್ಲಿ ರೆಸಾರ್ಟಿನ ಮ್ಯಾನೇಜರ್ ರಘುನಾಥ ಕೆಲಸದವರನ್ನೆಲ್ಲ ಕರೆದ. ತಿಂಗಳ ಕೊನೆಗೆ ಹ್ಯಾಲೋವೀನ್ ಅಂತ ಒಂದು ಹಬ್ಬವಿದೆ, ಹೊರದೇಶದವರು ಅವತ್ತು ದೆವ್ವದ ವೇಷ ಹಾಕಿಕೊಂಡು ಓಡಾಡುತ್ತಾರೆ, ಮೈಸೂರು, ಕೋಯಿಕ್ಕೋಡಿನ ಕಡೆಯಿಂದ ಮಕ್ಕಳೊಂದಿಗೆ ಬರುವ ಅತಿಥಿಗಳಿಗೆ ನಾವೂ ಅಂಥದ್ದೊಂದು ಸಂಜೆ ಮಾಡಿ ತೋರಿಸಬೇಕು ಎಂದು ವಿವರಿಸಿದ. ಅಡುಗೆಮನೆಯ ಹುಡುಗರು ಮುಖಕ್ಕೆ ಮೈದಾ ಬಳಿದುಕೊಳ್ಳುವುದೆಂದು ಆಗಲೇ ತೀರ್ಮಾನಿಸಿದರು. ಸುಂದ್ರಮ್ಮ ಮನೆಗೆ ಬಂದು ಮಗಳನ್ನು ಕೇಳಿದಳು. ಭವ್ಯ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಅದರಲ್ಲಿ ಒಬ್ಬ ಮುದುಕಿ ಬೆನ್ನ ಮೇಲೆ ಒಬ್ಬ ದಾಂಡಿಗನನ್ನು ಹೊತ್ತು ಬೀದಿಯಲ್ಲಿ ನಡೆಯುತ್ತಿದ್ದಳು. ಮುದುಕಿ ಬರೀ ಗೊಂಬೆ. ಮುದುಕಿಯ ಸೀರೆಯೊಳಗೆ ನಡೆಯುತ್ತಿದ್ದ ಕಾಲುಗಳು ಆ ದಾಂಡಿಗನವು. ಅವನ ಕಾಲುಗಳೆಂದು ಅವಳ ಸೊಂಟದ ಎರಡೂ ಬದಿ ಜೋತಾಡುತ್ತಿದ್ದದ್ದು ಸುಳ್ಳು ಕಾಲುಗಳು. ಸುಂದ್ರಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು.

ಮಾರನೆಯ ದಿನದಿಂದ ಅಂಥದ್ದೇ ವೇಷ ಕಟ್ಟಲು ಕೂತಳು. ಭವ್ಯಳ ಹಳೇ ಸ್ಕೂಲ್ ಬ್ಯಾಗನ್ನು ಎದೆಯ ಮುಂದೆ ಬರುವಂತೆ ತಿರುಗಿಸಿ ಹಾಕಿಕೊಂಡು, ಅದಕ್ಕೆ ಬಿದಿರಿನ ದಬ್ಬೆ ಬಗ್ಗಿಸಿ ಎದೆಗೂಡು ಕಟ್ಟಿದಳು. ರೆಸಾರ್ಟಿನವರು ಎಸೆದಿದ್ದ ಹಾಸಿಗೆಯ ಸ್ಪಂಜು ಕತ್ತರಿಸಿ ಮೈ ತುಂಬಿದಳು. ತನ್ನದೇ ಹಳೇ ಚೂಡಿದಾರದ ಪ್ಯಾಂಟಿಗೆ ಹತ್ತಿ ತುರುಕಿ ಸುಳ್ಳು ಕಾಲು ಮಾಡಿ, ತುದಿಗೆ ಚಪ್ಪಲಿ ಹೊಲಿದಳು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಮುದುಕಿಯ ಕೈಗಳಾದವು. ಅವು ಹಿಂದಕ್ಕೆ ಚಾಚಿ ಆ ಕಾಲುಗಳನ್ನು ಮಂಡಿಯ ಕೆಳಗೆ ಹಿಡಿದುಕೊಂಡವು. ಕೂದಲಿಗೆ ನೆಲ ಒರೆಸುವ ಮಾಪಿನ ಬಿಳೀ ದಾರ. ಉಡಿಸಲು ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅತ್ತೆಯ ಹಸಿರು ಸೀರೆ. ಉದ್ದ ಸರಿಹೋಗುತ್ತದೆಂದು ಅದನ್ನೇ ತೆಗೆದಳು, ಅಷ್ಟೇ.

ಮುಖ ಮಾತ್ರ ಬೇರೆ ಥರ ಆಯಿತು. ಮೊರಕ್ಕೆ ಬಳಿಯುವ ಹಾಗೆ ಕಾಗದ ನೆನೆಸಿ, ಮೆಂತ್ಯ ಹಾಕಿ ರುಬ್ಬಿ, ಮಡಕೆಯ ತಳದ ಮೇಲೆ ಮೆತ್ತಿದಳು. ಯಾರದೋ ಒಬ್ಬ ಮುದುಕಿಯ ಮುಖ ಎಂದಷ್ಟೇ ಮನಸ್ಸಿನಲ್ಲಿತ್ತು. ಒಣಗಲೆಂದು ಜಗಲಿಯಲ್ಲಿಟ್ಟು ಕೆಲಸಕ್ಕೆ ಹೋದಳು. ಸಂಜೆ ಬರುವಷ್ಟರಲ್ಲಿ ಎಡಗೆನ್ನೆ ಒಳಕ್ಕೆ ಕುಸಿದಿತ್ತು, ಹಲ್ಲು ಬಿದ್ದ ಕಡೆ ಮಹಾಲಕ್ಷ್ಮಮ್ಮನ ಕೆನ್ನೆ ಕುಸಿದಿದ್ದ ಹಾಗೆ. ಕೆಳದುಟಿ ಏನೋ ಹೇಳಲು ಹೊರಟಂತೆ ಮುಂದಕ್ಕೆ ಬಂದಿತ್ತು. ಕಾಲೇಜಿನಿಂದ ಬಂದ ಭವ್ಯ ಮೆಟ್ಟಿಲ ಬಳಿಯೇ ನಿಂತಳು.

"ಅವ್ವ, ಅಜ್ಜಿ ಮೊಕ ಯಾಕ್ ಮಾಡ್ದೆ?"

"ನಾನ್ ಮಾಡ್ಲಿಲ್ಲ ಕಣಮ್ಮಿ. ಒಣಗ್ತಾ ಒಣಗ್ತಾ ಅಂಗಾಯ್ತು," ಎಂದಳು ಸುಂದ್ರಮ್ಮ.

ಕೆಡಿಸಿ ಬೇರೆ ಮಾಡೋಣವೆಂದು ನೀರು ಚಿಮುಕಿಸಿ ಬೆರಳಿನಿಂದ ಒತ್ತಿ ನೋಡಿದಳು. ಕೆನ್ನೆ ಉಬ್ಬಲಿಲ್ಲ. ಕನಕರಾಜು ಬಂದವನು ಆ ಮುಖ ನೋಡಿದ. ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಉಂಡ. ಬೆಳಿಗ್ಗೆ ನೋಡಿದರೆ ಜಗಲಿಯಲ್ಲಿ ಕೂರಿಸಿದ್ದ ಗೊಂಬೆಯ ಮೊಣಕಾಲ ಜಾಗದಲ್ಲಿ, ಸೀರೆಯ ನೆರಿಗೆಗೆ ತಲೆ ಒತ್ತಿಕೊಂಡು ಮನೆಯ ಹಳೇ ಮೇಕೆ ಮಲಗಿತ್ತು. ಮಹಾಲಕ್ಷ್ಮಮ್ಮ ಇದ್ದಾಗ ಅವಳ ಕೈಯಿಂದ ಸೊಪ್ಪು ತಿನ್ನುತ್ತಿದ್ದ ಮೇಕೆ ಅದು. ಅವಳು ಸತ್ತ ಮೇಲೆ ಜಗಲಿ ಹತ್ತಿರಲಿಲ್ಲ. ಸುಂದ್ರಮ್ಮ ಅದನ್ನು ಓಡಿಸಲು ಹೋಗಿ ಕೈ ಹಿಂದಕ್ಕೆ ತೆಗೆದಳು.

ಆ ಸಂಜೆ ಬಂತು. ಹುಲ್ಲುಹಾಸಿನ ತುಂಬ ಕುಂಬಳಕಾಯಿ ಕೊರೆದು ದೀಪ ಇಟ್ಟಿದ್ದರು. ಕತ್ತಲು ಇನ್ನೂ ಕವಿದಿರಲಿಲ್ಲ, ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಸ್ವಲ್ಪ ಬೆಳಕಿತ್ತು. ಲಾಂಡ್ರಿಯ ಹಿಂಬಾಗಿಲಿನಿಂದ ಸುಂದ್ರಮ್ಮ ಹೊರಗೆ ಬಂದಾಗ ಅತಿಥಿಗಳು ಚಪ್ಪಾಳೆ ತಟ್ಟಿದರು, ಫೋನು ಎತ್ತಿದರು. ಯಾರೋ ಒಬ್ಬ ಪುಟ್ಟ ಹುಡುಗಿ ಹತ್ತಿರ ಬಂದು ತಲೆಯೆತ್ತಿ ಸುಂದ್ರಮ್ಮನ ಮುಖ ನೋಡದೆ ಗೊಂಬೆಯ ಮುಖವನ್ನೇ ನೋಡಿ, ಭಾರವೇ ಅಜ್ಜಿ ಎಂದು ಮಲಯಾಳಂನಲ್ಲಿ ಕೇಳಿದಳು. ಜನ ನಕ್ಕರು. ಹುಡುಗಿ ನಗಲಿಲ್ಲ. ಉತ್ತರ ಸಿಕ್ಕಿತೆಂಬಂತೆ ತಲೆಯಾಡಿಸಿ ಅಮ್ಮನ ಹತ್ತಿರ ಹೋದಳು.

ಮೊದಮೊದಲು ಸುಂದ್ರಮ್ಮ ತನ್ನ ಹೆಜ್ಜೆಯನ್ನೇ ಇಡುತ್ತಿದ್ದಳು. ದೀಪಗಳ ನಡುವೆ ಒಂದು ಸುತ್ತು ಬರುವಷ್ಟರಲ್ಲಿ ಬಲಗಾಲು ತಾನಾಗಿಯೇ ಹೊರಕ್ಕೆ ಬೀಸತೊಡಗಿತು. ಬೀಸಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಆಮೇಲೆ ನೆಲ ಮುಟ್ಟುವುದು. ಹೆಜ್ಜೆಗೊಮ್ಮೆ ಅವಳ ಮೈ ಒಂದು ಸಣ್ಣ ಕುಲುಕಿಗೆ ಎದ್ದು ಇಳಿಯುತ್ತಿತ್ತು. ಸೀರೆ ತೊಡರಿತೇನೋ ಎಂದುಕೊಂಡಳು. ಆದರೆ ಹೆಗಲಿನ ಮೇಲಿನ ಪಟ್ಟಿ ಎಳೆಯುತ್ತಿರಲಿಲ್ಲ, ಬಿದಿರಿನ ಭಾರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ತನ್ನ ಮೈ ಹಗುರವಾಗಿ ಯಾರದೋ ಬೆನ್ನ ಮೇಲೆ ಕೂತಂತಿತ್ತು. ಎದುರಿಗಿದ್ದ ಮಾಪಿನ ಕೂದಲಿನಿಂದ ಅತ್ತೆ ಜಗಿಯುತ್ತಿದ್ದ ಎಲೆಅಡಿಕೆ, ಕಡ್ಡಿಪುಡಿಯ ವಾಸನೆ ಬಂತು. ನಿಲ್ಲಬೇಕು ಅನ್ನಿಸಿತು. ಕಾಲು ನಿಲ್ಲಲಿಲ್ಲ. ದೀಪ, ಜನ, ಸಂಗೀತ ಎಲ್ಲವನ್ನೂ ಹಿಂದೆ ಬಿಟ್ಟು ಕಾಲು ಅವಳನ್ನು ರೆಸಾರ್ಟಿನ ಹಿಂಭಾಗದ ಅರಿಸಿನದ ಪಾತಿಯ ಕಡೆ ಕರೆದುಕೊಂಡು ಹೋಯಿತು.

ಅಲ್ಲಿ ಮಾಲಿ ಸೋಮಯ್ಯ ಪೈಪು ಸುತ್ತುತ್ತಿದ್ದ. ಅವನೂ ತೆರಕಣಾಂಬಿಯವನೇ, ಎಳೆವಯಸ್ಸಿನಲ್ಲಿ ಮಹಾಲಕ್ಷ್ಮಮ್ಮನ ಜೊತೆ ಅರಿಸಿನ ಕೀಳುವ ಕೂಲಿಗೆ ಹೋಗುತ್ತಿದ್ದವನು. ಇವತ್ತಿನ ವೇಷದ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಪೈಪು ಕೈಬಿಟ್ಟು ತಲೆಯ ಟವಲು ತೆಗೆದ.

"ಯಾವಾಗ್ ಬಂದ್ಯಕ್ಕ?" ಎಂದು ಗೊಂಬೆಯನ್ನೇ ಕೇಳಿದ.

ಸುಂದ್ರಮ್ಮ ಅವನ ಹೆಸರು ಕರೆದಳು. ದನಿ ಮೇಲಿನಿಂದ ಬಂದದ್ದು ಕೇಳಿ ಅವನು ಬೆಚ್ಚಿ ತಲೆಯೆತ್ತಿದ. ಆಗ ಅವಳ ಕಾಲು ನಿಂತಿತು. ಅವನು ಸುಧಾರಿಸಿಕೊಂಡು ಹತ್ತಿರ ಬಂದ.

"ಮಾಲಕ್ಷ್ಮಕ್ಕ ಇಂಗೇ ನಡೀತಿದ್ದದ್ದು. ಬಲಗಾಲ ಒರಕ್ ಬೀಸಿ, ಗಳಿಗೆ ನಿಂತು, ಆಮೇಲ್ ಊರೋಳು. ಚಿಕ್ಕೋಳಿದ್ದಾಗಿಂದ್ಲೂ ಅಂಗೇಯ. ನಿಂಗ್ಯಾರ್ ಯೋಳ್ಕೊಟ್ರು?"

"ಅತ್ತೆ ನಡ್ದದ್ದ ನಾನು ಒಂದಿನಾನೂ ನೋಡಿಲ್ಲ ಸೋಮಣ್ಣ," ಎಂದಳು. ಆಮೇಲೆ ಸೋಮಯ್ಯ ಪಟ್ಟಿ ಬಿಚ್ಚಲು ನೆರವಾದ, ಆದರೆ ಮುಖವನ್ನು ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಸುಂದ್ರಮ್ಮ ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಳು. ಕನಕರಾಜು ಲೋಟ ಕೆಳಗಿಟ್ಟ. ಆಮೇಲೆ ಒಂದು ಸಲ ನಡೆದು ತೋರಿಸು ಎಂದ.

ಅವಳು ವೇಷ ತೊಟ್ಟು ಅಂಗಳಕ್ಕಿಳಿದಳು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಕಾಲು ಅವಳ ಕಾಲೇ ಆಗಿತ್ತು. ಪಟ್ಟಿ ಹೆಗಲು ಕೊರೆಯಿತು, ಸ್ಪಂಜು ಕೆರೆಯಿತು, ಮುಖದ ಅಂಟು ಅಲ್ಲಲ್ಲಿ ಬಿಟ್ಟುಕೊಂಡಿತ್ತು. ತಾನು ಇದನ್ನೆಲ್ಲ ಕಲ್ಪಿಸಿಕೊಂಡೆನೇನೋ ಎಂದು ಅವಳಿಗೆ ನಾಚಿಕೆಯಾಯಿತು. ಸಾಕು ಎಂದು ತಿರುಗುವಷ್ಟರಲ್ಲಿ ಕನಕರಾಜು ಮೆಲ್ಲಗೆ ಅಂದ:

"ಅವ್ವಾ, ಜ್ವಾಪಾನ. ಅಲ್ ಕಲ್ಲದೆ."

ಬಲಗಾಲು ಹೊರಕ್ಕೆ ಬೀಸಿತು. ಕಲ್ಲನ್ನು ಬಳಸಿ, ಒಂದು ಕ್ಷಣ ನಿಂತು, ನೆಲ ಮುಟ್ಟಿತು. ಸುಂದ್ರಮ್ಮ ಕಣ್ಣು ಮುಚ್ಚಿಕೊಂಡಳು. ಹಿತ್ತಲ ಬೇಲಿಯವರೆಗೆ ಹೋಗಿ, ಬಾವಿಕಟ್ಟೆ ಸುತ್ತಿ ವಾಪಸು ಬರುವವರೆಗೂ ಕನಕರಾಜು ಪಕ್ಕದಲ್ಲೇ ನಡೆದ. ಭವ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಸಾಕು, ಇಳಿಯಮ್ಮಿ," ಎಂದ ಅವನು ಕೊನೆಗೆ. "ಅವ್ವುನ್ಗೆ ಸುಸ್ತಾಯ್ತದೆ."

ವೇಷ ಬಿಚ್ಚಿದ ಮೇಲೆ ಅವನು ಹೇಳಿದ. ಚಿಕ್ಕವನಿದ್ದಾಗ ಅವ್ವ ತನ್ನನ್ನು ಬೆನ್ನ ಮೇಲೆ ಹೊತ್ತು ಸಂತೆಗೆ ಕರೆದುಕೊಂಡು ಹೋಗುತ್ತಿದ್ದಳು. ಪ್ರತಿ ಹೆಜ್ಜೆಗೂ ಒಂದು ಕುಲುಕು, ಅದರಲ್ಲೇ ನಿದ್ದೆ ಬರುತ್ತಿತ್ತು. ಅವಳು ಬಿದ್ದ ಮೇಲೆ ಆ ನಡಿಗೆಯ ಮಾತನ್ನು ಅವನು ಯಾರ ಹತ್ತಿರವೂ ಎತ್ತಿರಲಿಲ್ಲ, ಎತ್ತಿದರೆ ಅವ್ವನಿಗೆ ನೋವಾಗುತ್ತದೆಂದು. ಹೇಳುತ್ತ ಹೇಳುತ್ತ ಅತ್ತ. ಮದುವೆಯಾದ ಮೇಲೆ ಸುಂದ್ರಮ್ಮ ಅವನು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ಹೊಸ ವರ್ಷದ ಪಾರ್ಟಿಗೂ ಅದೇ ವೇಷ ಬೇಕೆಂದು ರಘುನಾಥ ಕೇಳಿದ. ಸುಂದ್ರಮ್ಮ ಆಗುವುದಿಲ್ಲ ಎಂದಳು. ಬಿದಿರು ಒಲೆಗೆ ಹೋಯಿತು, ಸ್ಪಂಜು ಮೇಕೆಯ ಕೊಟ್ಟಿಗೆಗೆ ಹೋಯಿತು. ಮುಖವನ್ನು ಹೊಳೆಗೆ ಬಿಡಬೇಕೆಂದು ಅವಳು, ಇರಲಿ ಎಂದು ಕನಕರಾಜು. ಕೊನೆಗೆ ಅಟ್ಟದ ಮೇಲಿಟ್ಟರು.

ಮುಂದಿನ ಪಿತೃಪಕ್ಷಕ್ಕೆ ಎಡೆ ಇಡುವಾಗ ಕನಕರಾಜು ಆ ಮುಖವನ್ನು ಕೆಳಗಿಳಿಸಿ, ಹೊಸ ಸೀರೆಯ ಪಕ್ಕ ಗೋಡೆಗೆ ಒರಗಿಸಿದ. ಮುದ್ದೆ, ಸಾರು, ವಡೆ, ಎಲೆಅಡಿಕೆ, ಒಂದು ಲೋಟ ನೀರು. ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರ ಮನೆಯಲ್ಲಿ ಮಾಡುವಂತೆ ಬಾಗಿಲು ಎಳೆದುಕೊಂಡು ಮೂವರೂ ಜಗಲಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಒಳಗೆ ಲೋಟ ನೆಲಕ್ಕಿಟ್ಟ ಸದ್ದಾಯಿತು.

"ಬೆಕ್ಕಿರ್ಬೇಕು," ಎಂದಳು ಭವ್ಯ.

ಯಾರೂ ಏಳಲಿಲ್ಲ. ಕನಕರಾಜು ರಸ್ತೆ ಕಡೆ ನೋಡುತ್ತಿದ್ದ. ಹೊತ್ತಾದ ಮೇಲೆ ಸುಂದ್ರಮ್ಮನೇ ಎದ್ದು ಬಾಗಿಲು ತಳ್ಳಿದಳು. ಎಡೆ, ಲೋಟದ ನೀರು ಎರಡೂ ಇಟ್ಟಂತೆಯೇ ಇದ್ದವು. ಅವಳು ಎಲೆ ಎತ್ತಿ ಮೂವರಿಗೂ ಬಡಿಸಿದಳು. ಉಂಡಾದ ಮೇಲೆ ಕೈ ತೊಳೆದು ಮಧ್ಯಾಹ್ನದ ಬಸ್ಸಿಗೆ ಹೊರಟಳು. ಆ ವಾರ ರೆಸಾರ್ಟಿನ ಕೋಣೆಗಳೆಲ್ಲ ಭರ್ತಿಯಾಗಿದ್ದವು.