ಆಯಿಲ್ ಇಳಿಯುವ ಹೊತ್ತು

ಮೇಸ್ತ್ರಿಗೆ ಆತುರವೆಂದರೆ ಆಗದು. ಬೇರೆ ಗ್ಯಾರೇಜಿನವರು ಎಂಜಿನ್ ಅಡಿಯ ಬೋಲ್ಟ್ ಬಿಚ್ಚಿ, ಹಳೆ ಆಯಿಲ್ ಸುರಿದು ಮುಗಿಯಿತೋ ಇಲ್ಲವೋ ಅನ್ನುವಷ್ಟರಲ್ಲಿ ಹೊಸದನ್ನು ಹೊಯ್ದು ಗಾಡಿ ಕಳಿಸಿಬಿಡುತ್ತಿದ್ದರು. ಇವನು ಹಾಗಲ್ಲ. ಧಾರೆ ನೂಲಾಗಬೇಕು, ನೂಲು ಹನಿಯಾಗಬೇಕು, ಕೊನೆಯ ಹನಿಯೂ ತಟ್ಟೆಗೆ ಬೀಳಬೇಕು. ಆಮೇಲೆಯೇ ಬೋಲ್ಟ್ ಕೈಗೆತ್ತಿಕೊಳ್ಳುತ್ತಿದ್ದ. ಚಿಕ್ಕ ವಯಸ್ಸಿನಲ್ಲಿ ಲಾರಿ ರಿಪೇರಿ ಕಲಿಸಿದ ಗುರು ಹೇಳಿಕೊಟ್ಟ ಪಾಠ ಅದು: ಹಳೆ ಕೊಳೆ ಒಳಗೇ ಉಳಿದರೆ ಹೊಸ ಆಯಿಲ್ ಹಾಕಿ ಏನು ಬಂತು?

"ಮೇಸ್ತ್ರಿ, ನಿಮ್ಮಲ್ಲಿಗೆ ಬರೋರು ಹಾಸಿಗೆ ಸುತ್ಕೊಂಡೇ ಬರ್ಬೇಕು ಬಿಡಿ" ಎಂದು ಗಿರಾಕಿಗಳು ಗೊಣಗುತ್ತಿದ್ದರು.

ಗೊಣಗದವಳು ಒಬ್ಬಳೇ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು, ಸೂಜಿ ಚುಚ್ಚಿ ಬರುವ ನರ್ಸ್. ಊರೆಲ್ಲ ಆಕೆಯನ್ನು ಸಿಸ್ಟರ್ ಎನ್ನುತ್ತಿತ್ತು. ಮೇಸ್ತ್ರಿ ಮಾತ್ರ ಏನೆಂದೂ ಕರೆಯದೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದ. ಅವನ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡಿದ್ದಳು. ನರ್ಸ್ ಕೂಡ ಗಂಡನನ್ನು ಕಳೆದುಕೊಂಡವಳು. ಇಬ್ಬರ ತಲೆಯಲ್ಲೂ ಈಗ ಬಿಳಿಗೂದಲು.

ಆಕೆಯದೊಂದು ಹಳೆಯ ಪುಟ್ಟ ಪೆಟ್ರೋಲ್ ಕಾರು. ಮೂರು ತಿಂಗಳು ಕಳೆಯುತ್ತಿದ್ದಂತೆ ಆಯಿಲ್ ಕೇಳುತ್ತಿತ್ತು. ಬೀದಿಯ ತಿರುವಿನಲ್ಲೇ ಅದರ ಸದ್ದು ಹಿಡಿದು ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಆಕೆಗೆ ಸ್ಟೂಲು, ಇವನಿಗೆ ಮಗುಚಿ ಹಾಕಿದ ಡಬ್ಬ. ಮಹಡಿಯ ಮೇಲಿರುವ ಅವನ ಅಕ್ಕ ಎರಡು ಲೋಟ ಟೀ ತಂದುಕೊಡುತ್ತಿದ್ದಳು. ಆಯಿಲ್ ಇಳಿಯುವಷ್ಟು ಹೊತ್ತು ಮಾತು. ಸೂಜಿ ಕಂಡರೆ ಮಂಚದಡಿ ಸೇರುವ ನಿವೃತ್ತ ಪೊಲೀಸಿನವನ ಕಥೆ ಹೇಳಿ ಆಕೆ ನಗುತ್ತಿದ್ದಳು. ಕೆಲವು ದಿನ ಏನೂ ಹೇಳದೆ ಹನಿಗಳನ್ನೇ ನೋಡುತ್ತಾ ಕೂತಿರುತ್ತಿದ್ದಳು. ಅಂದು ಯಾರೋ ರೋಗಿ ತೀರಿಕೊಂಡಿದ್ದಾರೆಂದು ಮೇಸ್ತ್ರಿಗೆ ತಿಳಿಯುತ್ತಿತ್ತು. ಬೋಲ್ಟ್ ಬಿಗಿಯುವ ಸದ್ದಾದರೆ ಆಕೆ ಸೀರೆ ಕೊಡವಿಕೊಂಡು ಏಳುತ್ತಿದ್ದಳು. ಅಲ್ಲಿಂದ ಮುಂದೆ ಮತ್ತೆ ಮೂರು ತಿಂಗಳು.

ಒಂದು ದಿನ ಆಕೆ ಹಿಂದೆ ಬಂದು ನಿಂತಿದ್ದೇ ಅವನಿಗೆ ಗೊತ್ತಾಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿಯೇ ಇತ್ತು.

"ಹೆದರಿಬಿಟ್ರಾ? ಹಳೇದನ್ನ ಮಾರಿಬಿಟ್ಟೆ ಮೇಸ್ತ್ರಿ. ಇದು ಹೈಬ್ರಿಡ್. ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿ ಮೋಟರೂ ಇದೆ. ಸದ್ದೇ ಇಲ್ಲ ನೋಡಿ!"

ಮೇಸ್ತ್ರಿ ಆ ಬಿಳಿ ಕಾರನ್ನು ಸವತಿಯ ಮಗುವನ್ನು ನೋಡಿದಂತೆ ನೋಡಿದ.

"ಇದಕ್ಕೆ ಎಷ್ಟು ದಿನಕ್ಕೊಂದ್ಸಲ ಆಯಿಲ್ ಬದಲಾಯಿಸ್ಬೇಕು?" ಎಂದು ಆಕೆ ಕೇಳಿದಳು.

ಮೂರು ತಿಂಗಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದಿದ್ದರೆ ಆಕೆ ನಂಬುತ್ತಿದ್ದಳು. ಅದಕ್ಕೇ ಅವನಿಗೆ ಭಯವಾಯಿತು. ತನ್ನ ಆಸೆಗೆ ಆಕೆಯ ಕಾರನ್ನು ಕರೆಸಿಕೊಳ್ಳುವುದೇ? ಯಾವ ಗಿರಾಕಿ ಬಂದರೂ "ಗಾಡಿ ಎಲ್ಲೆಲ್ಲಿ ಓಡುತ್ತೆ, ಎಷ್ಟು ದೂರ ಓಡುತ್ತೆ" ಎಂದು ಮೊದಲು ಕೇಳುತ್ತಿದ್ದ ಮನುಷ್ಯ ಆ ದಿನ ಏನನ್ನೂ ಕೇಳಲಿಲ್ಲ. ಮುಖ ಬೇರೆ ಕಡೆ ಮಾಡಿ, "ಹತ್ತು ಸಾವಿರ ಕಿಲೋಮೀಟರು, ಇಲ್ಲಾಂದ್ರೆ ಒಂದು ವರ್ಷ. ಯಾವ್ದು ಮೊದಲೋ ಅದು. ಕಂಪನಿಯವರೇ ಹಾಗೆ ಹೇಳ್ತಾರೆ" ಎಂದ.

"ವರ್ಷಕ್ಕೆ ಒಂದೇ ಸಲಾನಾ?"

"ಅಷ್ಟು ಸಾಕು."

ಆಕೆ ಸ್ಟೂಲಿನ ಕಡೆ ಒಮ್ಮೆ ನೋಡಿ, "ಆಯ್ತು ಹಾಗಾದ್ರೆ" ಎಂದು ಹೊರಟಳು. ಕಾರು ಸದ್ದಿಲ್ಲದೆ ತಿರುವು ದಾಟಿತು.

ಎರಡು ಲೋಟ ಹಿಡಿದು ಇಳಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ಎಲ್ಲೋ ಅವ್ಳು? ಏನಂದೆ?"

"ನಿಜ ಹೇಳ್ದೆ."

"ದೊಡ್ಡ ಸಾಧನೆ ಮಾಡ್ದೆ. ಎರಡು ಲೋಟಾನೂ ನೀನೇ ಕುಡಿ."

ಆಮೇಲಿನ ತಿಂಗಳುಗಳು ಮೇಸ್ತ್ರಿಗೆ ಉದ್ದವಾದವು. ಮೊದಲಾದರೆ ಕಿವಿ ಕಾಯುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಈಗ ಸದ್ದಿಲ್ಲದ ಕಾರಿಗೆ ಕಣ್ಣೇ ಕಾಯಬೇಕು. ಬಿಳಿ ಕಾರು ಕಂಡಾಗಲೆಲ್ಲ ಅವನು ಬೋಲ್ಟ್ ಬಿಚ್ಚುವ ಪಾನಾ ಕೆಳಗಿಡುತ್ತಿದ್ದ. ಊರಿನಲ್ಲಿ ಇಷ್ಟೊಂದು ಬಿಳಿ ಕಾರುಗಳಿವೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಸ್ಟೂಲಿನ ಮೇಲೆ ಯಾರೂ ಏನೂ ಇಡುವಂತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ ಅದರ ಮೇಲೆ ಟಯರ್ ಇಟ್ಟಾಗ, ಎಂದೂ ದನಿ ಎತ್ತದವನು ಬಯ್ದೇ ಬಿಟ್ಟ. ಅಂಗಿಯ ಗುಂಡಿಗಳನ್ನಂತೂ ಬೆಳಿಗ್ಗೆಯೇ ಹಾಕಿಕೊಂಡುಬಿಡುತ್ತಿದ್ದ.

ವರ್ಷ ತುಂಬಲು ಇನ್ನೂ ಬಹಳ ದಿನ ಇರುವಾಗಲೇ ಒಂದು ಮಧ್ಯಾಹ್ನ ಆಕೆ ಬಂದಳು.

"ವೈಪರ್ ಕಿರ್ ಕಿರ್ ಅಂತಿದೆ ಮೇಸ್ತ್ರಿ."

ಒಂದು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವ ಸದ್ದು. ಇಷ್ಟಕ್ಕೆ ಬಂದಳೇ ಎಂದುಕೊಂಡ. ಯಾಕೆ ಬಂದಳು ಎಂದು ಕೇಳುವ ಧೈರ್ಯವಾಗಲಿಲ್ಲ. ವೈಪರ್ ಒರೆಸಿ, ಕೈಯ ಅಭ್ಯಾಸಕ್ಕೆ ಬಾನೆಟ್ ಎತ್ತಿ, ಆಯಿಲ್ ಹೊಯ್ಯುವ ಬಾಯಿಯ ಮುಚ್ಚಳ ತಿರುಗಿಸಿದ. ಮುಚ್ಚಳದ ಒಳಗೆ ಹಾಲಿನ ಕೆನೆಯಂತೆ ಹಳದಿ ಜಿಡ್ಡು ಕಟ್ಟಿತ್ತು. ಎಂಜಿನ್ ಒಡೆದು ನೀರು ಆಯಿಲಿಗೆ ಸೇರಿತೇ ಎಂದುಕೊಂಡ. ಎಂಜಿನ್ ತಣಿಸುವ ಕೂಲಂಟ್ ನೀರಿನ ಡಬ್ಬಿ ನೋಡಿದ, ನೀರು ಇಳಿದಿರಲಿಲ್ಲ. ಎಂಜಿನ್ ಒಡೆದಿಲ್ಲ, ಸದ್ಯ. ಹಾಗಾದರೆ ಇದು ತೇವ.

"ಎಲ್ಲೆಲ್ಲಿ ಓಡಿಸ್ತೀರಿ ಇದನ್ನ?" ಅಂದು ಕೇಳಬೇಕಿದ್ದ ಮಾತನ್ನು ಈಗ ಕೇಳಿದ.

"ಇನ್ನೆಲ್ಲಿ? ಈ ಬೀದಿಯಿಂದ ಆ ಬೀದಿ. ಒಂದು ಮನೆಯಿಂದ ಇನ್ನೊಂದು ಮನೆ."

ಮೇಸ್ತ್ರಿ ತಲೆ ತಗ್ಗಿಸಿದ. "ತಪ್ಪು ನಂದೇ. ಇದರ ಎಂಜಿನ್ ಆಗಾಗ ಏಳುತ್ತೆ, ಮೈ ಬೆಚ್ಚಗಾಗೋಕೆ ಮುಂಚೆ ಮತ್ತೆ ಮಲಗುತ್ತೆ. ಒಳಗಿನ ತೇವ ಆರೋದೇ ಇಲ್ಲ, ಆಯಿಲ್ ಜೊತೆ ಸೇರ್ಕೊಂಡು ಹೀಗೆ ಕೆನೆ ಕಟ್ಟುತ್ತೆ. ನಿಮ್ಮ ಓಡಾಟಕ್ಕೆ ವರ್ಷ ಕಾಯ್ಬಾರ್ದು. ಆರು ತಿಂಗಳಿಗೇ ಬದಲಾಯಿಸ್ಬೇಕು."

"ಮತ್ತೆ ಅವತ್ತು ವರ್ಷ ಅಂದ್ರಿ?"

ಅವನು ಕಾರನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ತೂರಿ ಬೋಲ್ಟ್ ಬಿಚ್ಚಿದ. ಆಯಿಲ್ ಇಳಿಯತೊಡಗಿತು. ಆಕೆ ಹೋಗಿ ಸ್ಟೂಲಿನ ಮೇಲೆ ಕೂತಳು.

"ನನ್ನ ಕಾಟ ತಪ್ಪಿದ್ರೆ ಸಾಕಾಗಿದೆ ಇವ್ರಿಗೆ ಅಂದ್ಕೊಂಡಿದ್ದೆ" ಎಂದಳು, ತಟ್ಟೆಯನ್ನೇ ನೋಡುತ್ತಾ.

ಕಾರಿನಡಿಯಿಂದ ಮಾತು ಬಂತು. "ಅವತ್ತು ಆರು ತಿಂಗಳು ಅಂತ ಹೇಳಿದ್ದಿದ್ರೆ ಅದು ಗಾಡಿಗೆ ಬೇಕಾಗಿ ಹೇಳಿದ್ದೋ, ನನಗೆ ಬೇಕಾಗಿ ಹೇಳಿದ್ದೋ ಅಂತ ನನಗೇ ಗೊತ್ತಾಗ್ತಿರ್ಲಿಲ್ಲ."

ಧಾರೆ ನೂಲಾಯಿತು. ಮೇಸ್ತ್ರಿ ಹೊರಗೆ ಬಂದು ಡಬ್ಬದ ಮೇಲೆ ಕೂತ, ಬೋಲ್ಟನ್ನು ಅಂಗೈಯಲ್ಲಿ ಹಿಡಿದುಕೊಂಡು. ಹೇಳಬೇಕಾದದ್ದು ಇನ್ನೂ ಒಂದು ಉಳಿದಿತ್ತು. ಹೇಳಿದರೆ ಆಕೆ ಬರುವುದು ಮತ್ತೆ ಕಡಿಮೆಯಾಗಬಹುದು. ಆದರೂ ಹೇಳಿದ.

"ಇನ್ನೊಂದು ದಾರಿ ಇದೆ. ವಾರಕ್ಕೊಮ್ಮೆ ಊರಾಚೆ ದೊಡ್ಡ ರಸ್ತೇಲಿ ಚೆನ್ನಾಗಿ ಓಡಿಸಿದ್ರೆ ಎಂಜಿನ್ ಕಾಯುತ್ತೆ, ತೇವ ಆರಿಹೋಗುತ್ತೆ. ಆಗ ಬೇಗ ಬೇಗ ಬರೋ ಅಗತ್ಯ ಇರಲ್ಲ."

"ಊರಾಚೆ ನಾನೊಬ್ಬಳೇ ಎಲ್ಲಿಗೆ ಹೋಗ್ಲಿ ಮೇಸ್ತ್ರಿ?"

ಅವನು ಬೋಲ್ಟನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಎಂಜಿನ್ ಯಾವಾಗ ಏಳುತ್ತೆ, ಯಾವಾಗ ಮಲಗುತ್ತೆ ಅಂತ ಕೇಳಿಸ್ಕೊಳ್ಳೋಕೆ... ಪಕ್ಕದಲ್ಲಿ ತಿಳಿದೋರು ಒಬ್ಬರು ಕೂತಿದ್ರೆ ಒಳ್ಳೇದು."

"ಭಾನುವಾರ ನಾನು ಯಾವ ಮನೆಗೂ ಹೋಗಲ್ಲ" ಎಂದಳು ಆಕೆ.

ಮಹಡಿಯಿಂದ ಅಕ್ಕನ ದನಿ ಬಂತು. "ಲೋ, ಟೀ ಒಂದು ಲೋಟಾನೋ ಎರಡೋ?"

"ಎರಡು" ಎಂದ ಮೇಸ್ತ್ರಿ. ತಟ್ಟೆಗೆ ಕೊನೆಯ ಹನಿ ಬಿದ್ದು ಬಹಳ ಹೊತ್ತಾಗಿತ್ತು. ಬೋಲ್ಟ್ ಇನ್ನೂ ಅವನ ಅಂಗೈಯಲ್ಲೇ ಇತ್ತು.