ಶಾಹೀಸ್ತಾಳ ತೋಟಕ್ಕೆ ನೀರು

ನಾಲ್ಕಕ್ಕೆ ಎದ್ದು ವಸೀಮಾ ಮೊದಲು ಆಡುಗಳನ್ನು ಹೊರಗೆ ಕಟ್ಟಿ ಹಿಕ್ಕೆ ಬಳಿಯುತ್ತಾಳೆ. ಅಂಗಳ ಗುಡಿಸುತ್ತಾಳೆ. ಒಲೆ ಹಚ್ಚಿ ಅತ್ತೆ ಜುಬೇದಾಬೀ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂಗೆ ಬಿಸಿನೀರು ಇಡುತ್ತಾಳೆ. ಹಿಟ್ಟು ನಾದಿ ಹದಿನಾಲ್ಕು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ಗಂಡ ಚಾಂದ್‌ಪಾಷಾನ ಬುತ್ತಿ ಕಟ್ಟುತ್ತಾಳೆ. ಅವನು ಹಿಂದಿನ ದಿನ ಬಿಚ್ಚಿ ಬಿಸಾಕಿದ ಅಂಗಿ, ಪ್ಯಾಂಟುಗಳನ್ನು ಕೋಲಿನಿಂದ ಎತ್ತಿ ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ. ಅವನದು ಭತ್ತದ ಗದ್ದೆಗಳಿಗೆ ಎಣ್ಣೆ ಹೊಡೆಯುವ ಕೂಲಿ. ಹುಳಕ್ಕೆ ಹೊಡೆಯುವ ಔಷಧಿಯಾಗಲಿ, ಹುಲ್ಲು ಸುಡುವ ಔಷಧಿಯಾಗಲಿ, ಈ ಕಡೆ ಎಲ್ಲಕ್ಕೂ ಎಣ್ಣೆ ಎಂದೇ ಹೆಸರು. ಆ ವಾಸನೆ ಉಳಿದ ಬಟ್ಟೆಗೆ ಹತ್ತಬಾರದು.

ಇಷ್ಟಾದ ಮೇಲೆ ಕೊಡ ಎತ್ತಿಕೊಂಡು ಶಾಲೆಗೆ ಹೋಗುತ್ತಾಳೆ. ಅವರ ಮನೆಯಿರುವ ಕಾಲುವೆ ಕ್ಯಾಂಪಿನ ನಲ್ಲಿಯಿಂದ ಶಾಲೆಯ ಗೋಡೆಯವರೆಗೆ ಹನ್ನೆರಡು ಕೊಡ. ಹನ್ನೆರಡನೆಯದು ಬರಿದಾಗುವ ಹೊತ್ತಿಗೆ ಕಾಲುವೆಯ ಏರಿಯ ಮೇಲೆ ಬೆಳಕು ಬಿದ್ದಿರುತ್ತದೆ. ದಿನದ ಕೆಲಸ ಆಗ ಶುರುವಾಗುತ್ತದೆ, ಏಕೆಂದರೆ ಅವಳು ಅದೇ ಶಾಲೆಯ ಬಿಸಿಯೂಟದ ಅಡುಗೆಯವಳು.

ಬಳಗಾನೂರಿನಿಂದ ಎರಡು ಮೈಲಿ ಆಚೆಯ ಆ ಶಾಲೆಯಲ್ಲಿ ಅವಳ ಮಗಳು ಶಾಹೀಸ್ತಾ ನಾಲ್ಕನೆಯ ತರಗತಿ ಓದುತ್ತಿದ್ದಳು. ಆಗಸ್ಟಿನಲ್ಲಿ, ಕಾಲುವೆ ತುಂಬಿ ಹರಿಯುತ್ತಿದ್ದಾಗ, ಸತ್ತಳು. ‘ಆಟವಾಡುತ್ತಾ ಕಾಲು ಜಾರಿ’ ಎಂದು ಶ್ರದ್ಧಾಂಜಲಿ ಸಭೆಯಲ್ಲಿ ಹೆಡ್‌ಮೇಡಂ ಸುರೇಖಾ ಓದಿದರು. ಆಟ ಆಡುವವರು ಬಕೆಟ್ಟು, ಸೋಪು ತೆಗೆದುಕೊಂಡು ಹೋಗುವುದಿಲ್ಲ. ಅಂದು ವಸೀಮಾ ಅಡುಗೆಯವರ ತರಬೇತಿಗೆಂದು ಸಿಂಧನೂರಿಗೆ ಹೋಗಿದ್ದಳು. ಮನೆಗೆ ಬಂದ ಚಾಂದ್‌ಪಾಷಾ ಒಗೆದ ಅಂಗಿ ಕೇಳಿದ. ಅಮ್ಮ ಇಲ್ಲದಾಗ ಅಮ್ಮನ ಕೆಲಸ ಮಗಳದು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಕಲಿಸಬೇಕಾಗಿಯೂ ಇರಲಿಲ್ಲ. ಒಂಬತ್ತು ವರ್ಷದ ಹುಡುಗಿ ಬಕೆಟ್ಟು ಹಿಡಿದು ಏರಿ ಹತ್ತಿದಳು.

ಮೂರನೆಯ ದಿನ ಗೋರಿಯ ಮುಂದಿನ ಜಿಯಾರತ್ ಪ್ರಾರ್ಥನೆ ಮುಗಿಸಿ ಬಂದ ಚಾಂದ್‌ಪಾಷಾ ಗೋಡೆಯ ಕಡೆ ಮುಖ ಮಾಡಿ, "ನಾ ಅಂಗಿ ಕೇಳಬಾರದಿತ್ತು" ಎಂದ. ಆಮೇಲೆ ಮಗಳ ಹೆಸರನ್ನೇ ಎತ್ತಲಿಲ್ಲ. ಶುಕ್ರವಾರ ಶುಕ್ರವಾರ ನಮಾಜು ಮುಗಿಸಿ ಖಬರಸ್ಥಾನಕ್ಕೆ ಹೋಗಿ ಬರುತ್ತಾನೆ. ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿಲ್ಲ. ಮಗಳ ಗೋರಿ ಯಾವ ಬೇವಿನ ಮರದ ಯಾವ ಮಗ್ಗುಲಿಗಿದೆ ಎಂದು ವಸೀಮಾ ಕಂಡಿಲ್ಲ. "ಹೆಂಗದ?" ಎಂದು ಒಮ್ಮೆ ಕೇಳಿದ್ದಳು. "ಮಣ್ಣು ಅದ" ಎಂದಿದ್ದ.

ಹಾಗಾಗಿ ಸೆಪ್ಟೆಂಬರಿನಲ್ಲಿ ಸುರೇಖಾ ಮೇಡಂ ಶಾಲೆಯ ಗೋಡೆಯ ಪಕ್ಕ ಶಾಹೀಸ್ತಾಳ ನೆನಪಿಗೆ ತೋಟ ಮಾಡುತ್ತೇವೆ ಎಂದಾಗ ವಸೀಮಾ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಹಿಡಿದು ಅತ್ತಳು. ಅವಳಿಗೂ ಹೋಗಿ ಕೂರಲು ಒಂದು ಜಾಗವಾಯಿತು. ಮಸ್ಕಿಯ ನರ್ಸರಿಯಿಂದ ಸಸಿಗಳು ಬಂದವು: ದಾಸವಾಳ, ಕಣಗಿಲೆ, ಮಲ್ಲಿಗೆ, ಎರಡು ನುಗ್ಗೆ, ಒಂದು ಕರಿಬೇವು. ನಾಲ್ಕನೆಯ ತರಗತಿಯ ಮಕ್ಕಳು ಒಬ್ಬೊಬ್ಬರು ಒಂದೊಂದು ನೆಟ್ಟರು. ಸಿಂಧನೂರಿನಲ್ಲಿ ಬರೆಸಿದ ಹಸಿರು ಬೋರ್ಡು ನಿಂತಿತು. ಮೇಡಂ ಗುದ್ದಲಿ ಹಿಡಿದು ಫೋಟೊ ತೆಗೆಸಿಕೊಂಡರು.

"ಮೇಡಮ್ಮಾರ ಕೈಗೆ ಮಣ್ಣು ಹತ್ತಿದ್ದು ಫೋಟೊ ಹೊಡಿಯೂತನಕ ಅಷ್ಟ" ಎಂದಳು ಗದ್ದೆಮ್ಮ, ಜೊತೆಯ ಅಡುಗೆಯವಳು. "ನೋಡಕೋತ ಇರು, ಈ ತೋಟ ಕಡೀಗೆ ನಿನ್ನ ನಡಾ ಮುರಿತೈತಿ."

ಒಂದು ವಾರ ಮಕ್ಕಳು ನೀರು ಹಾಕಿದರು. ಎರಡನೆಯ ವಾರ ಪರೀಕ್ಷೆ ಬಂತು. "ತಾಯಿ ಕೈಯಿಂದ ನೀರು ಬಿದ್ರ ಆ ಕೂಸಿನ ಜೀವಕ್ಕೂ ತಂಪಲ್ಲವಾ ವಸೀಮಾ?" ಎಂದರು ಮೇಡಂ. ಅದಕ್ಕೆ ಇಲ್ಲ ಎನ್ನುವ ತಾಯಿ ಎಲ್ಲಿದ್ದಾಳೆ? ಡಿಸೆಂಬರಿನಲ್ಲಿ ಕಾಲುವೆ ಬಂದ್ ಆಗಿ ಶಾಲೆಯ ಬೋರು ಕೆಸರು ಕಕ್ಕತೊಡಗಿದ ಮೇಲೆ ಹನ್ನೆರಡು ಕೊಡಗಳನ್ನೂ ಕ್ಯಾಂಪಿನಿಂದಲೇ ಹೊರಬೇಕಾಯಿತು. ಅವಳ ಸೊಂಟದ ಎಡಮಗ್ಗುಲಿಗೆ ಕಪ್ಪು ಗೆರೆ ಬಿತ್ತು. ಆದರೂ ಹೋಗುತ್ತಿದ್ದಳು. ಕೊನೆಯ ಕೊಡ ಖಾಲಿಯಾದ ಮೇಲೆ ಒಂದೆರಡು ನಿಮಿಷ ದಾಸವಾಳದ ಬುಡದಲ್ಲಿ ಕೂತಿರುತ್ತಿದ್ದಳು. ದಿನದಲ್ಲಿ ಅವಳು ಸುಮ್ಮನೆ ಕೂತಿದ್ದನ್ನು ಯಾರಾದರೂ ಕಂಡಿದ್ದರೆ ಅದು ಅಲ್ಲಿ ಮಾತ್ರ.

ಡಿಸೆಂಬರಿನ ಮೂರನೆಯ ಶನಿವಾರ ಅವಳಿಗೆ ಜ್ವರ ಬಂತು. ರೊಟ್ಟಿ ಬಡಿದು ಏಳುವಾಗ ಕಣ್ಣು ಕತ್ತಲಿಟ್ಟು ಬಾಗಿಲು ಹಿಡಿದುಕೊಂಡಳು. ಚಾಂದ್‌ಪಾಷಾ ಅವಳ ಕೈಯಿಂದ ಕೊಡ ತೆಗೆದು ಕೆಳಗಿಟ್ಟ.

"ಸೋ ಜಾ, ಮಲಗು. ನಾ ಹಾಕಿ ಬರ್ತೀನಿ."

"ನೀ?"

"ಯಾಕ, ನನಗ ಕೈಯಿಲ್ಲೇನು?"

ಹದಿಮೂರು ವರ್ಷದ ಸಂಸಾರದಲ್ಲಿ ಅವನು ಅವಳ ಕೆಲಸವೊಂದನ್ನು ತನ್ನದೆಂದು ಎತ್ತಿಕೊಂಡದ್ದು ಅದೇ ಮೊದಲು. ಜ್ವರದಲ್ಲೂ ಅವಳಿಗೆ ಎದೆ ತುಂಬಿ ಬಂತು. ಆದರೆ ಗಂಡಸು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಕ್ಯಾಂಪಿನ ನಡುವೆ ಹೇಗೆ ಹೋಗುತ್ತಾನೆ? ಹೋಟೆಲ್ ಕಟ್ಟೆಯ ಮೇಲೆ ಕೂತವರು ವರ್ಷಗಟ್ಟಲೆ ನಗುತ್ತಾರೆ. ಬೆನ್ನಿಗೆ ಎಣ್ಣೆ ಹೊಡೆಯುವ ಪಂಪು ಹೊತ್ತರೆ ಯಾರೂ ನಗುವುದಿಲ್ಲ. ಚಾಂದ್‌ಪಾಷಾ ಮೂಲೆಯಲ್ಲಿದ್ದ ಪಂಪಿಗೆ ನಲ್ಲಿ ನೀರು ತುಂಬಿ, ಬೆನ್ನಿಗೇರಿಸಿಕೊಂಡು, ಮೂರು ಸಲ ಶಾಲೆಗೆ ಹೋಗಿ ಬಂದ. "ಎಲಿ ಎಲಿಗೂ ಹೊಡದು ಬಂದೀನಿ, ಹೂವಿನ ಮ್ಯಾಲಿನ ಧೂಳು ಸುದ್ದಾ ತೊಳದು ಹೋಗ್ಯಾದ" ಎಂದು ಚಾಪೆಯ ಪಕ್ಕ ಕೂತು ಹೇಳಿದ. ಮುಖದಲ್ಲಿ ಆಗಸ್ಟಿನ ನಂತರ ಅವಳು ಕಾಣದಿದ್ದ ಒಂದು ಹಗುರ ಇತ್ತು.

ಮಂಗಳವಾರದ ಹೊತ್ತಿಗೆ ದಾಸವಾಳದ ಎಲೆಗಳು ಅಂಚಿನಿಂದ ಹಳದಿಯಾದವು. ಗುರುವಾರ ಮಲ್ಲಿಗೆಯ ಚಿಗುರು ಸುರುಳಿ ಸುತ್ತಿಕೊಂಡಿತು. ನುಗ್ಗೆ ಬೋಳಾಯಿತು. ಹೀಗೆ ಒಣಗುವುದನ್ನು ವಸೀಮಾ ಗದ್ದೆಯ ಬದುವಿನ ಮೇಲೆ ಎಷ್ಟು ಸಲ ಕಂಡಿಲ್ಲ!

ಅವರ ಮನೆಯಲ್ಲಿ ಪಂಪು ಎರಡು. ಒಂದು ಹುಳದ್ದು, ಇನ್ನೊಂದು ಹುಲ್ಲಿನದು. ಎರಡೂ ನೀಲಿ, ಎರಡೂ ಒಂದೇ ಅಂಗಡಿಯವು. ಹುಲ್ಲಿನ ಪಂಪಿನ ಪಟ್ಟಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿರುತ್ತದೆ. ಕಾಲುವೆ ಸೀಮೆಯ ಎಣ್ಣೆ ಹೊಡೆಯುವವರೆಲ್ಲ ಹಾಗೆಯೇ ಏನಾದರೊಂದು ಗುರುತು ಇಟ್ಟುಕೊಳ್ಳುತ್ತಾರೆ. ಆ ಚೂರು ನಾರುತ್ತದೆಂದು ಶುಕ್ರವಾರ ವಸೀಮಾ ಬಿಚ್ಚಿ, ಗಂಡನ ಬಟ್ಟೆಯ ಜೊತೆ ಒಗೆದು, ತಂತಿಗೆ ಹಾಕಿದ್ದಳು. ಮರಳಿ ಕಟ್ಟಿರಲಿಲ್ಲ. ಶನಿವಾರ ಅವಳಿಗೆ ಜ್ವರ. ಅವನ ಕೈಗೆ ಮೊದಲು ಸಿಕ್ಕಿದ್ದು ತಳದಲ್ಲಿ ಎಣ್ಣೆ ಉಳಿದಿದ್ದ ಹುಲ್ಲಿನ ಪಂಪು. ಗುರುತಿಲ್ಲದ ಪಂಪೆಂದರೆ ಹುಳದ್ದು, ಅದನ್ನು ತೊಳೆದೇ ಇಡುತ್ತೇನೆ ಎಂದುಕೊಂಡವನು ಮೂಸಿ ನೋಡಲಿಲ್ಲ. ಹತ್ತು ವರ್ಷ ಎಣ್ಣೆ ಹೊಡೆದವನಿಗೆ ಮೂಗು ಉಳಿದಿರುವುದೂ ಇಲ್ಲ.

ಭಾನುವಾರ ಅವಳು ಎದ್ದಾಗ ಆ ಚೂರು ಒಣಗಿ ತಂತಿಯ ಮೇಲೆ ಹಾರಾಡುತ್ತಿತ್ತು. ಅವಳು ಎರಡೂ ಪಂಪು ಮೂಸಿ ನೋಡಿ ಹುಲ್ಲಿನದಕ್ಕೆ ಕಟ್ಟಿದಳು. ಅಂದು ಏನೂ ಹೊಳೆದಿರಲಿಲ್ಲ. ಗುರುವಾರ ಬೋಳು ನುಗ್ಗೆಯ ಮುಂದೆ ನಿಂತಾಗ ಎಲ್ಲ ಒಟ್ಟಿಗೆ ಹೊಳೆಯಿತು.

ಅಂದು ಸಂಜೆ ಚಾಂದ್‌ಪಾಷಾ, "ಗಿಡ ಹೆಂಗದಾವ?" ಎಂದು ಕೇಳಿದ.

"ಚಲೋ ಅದಾವ."

"ಮುಂದಿನ ಸರ್ತೀನೂ ನಾನ ಹೋಗ್ತೀನಿ. ನೀ ಭಾಳ ಇಳದೀ."

ಮಂಚದ ಕೆಳಗೆ ಅವನ ಎಣ್ಣೆಯ ಡಬ್ಬಿಗಳು ಸಾಲಾಗಿದ್ದವು. ಒಂದು ಅಂಗಿ ಕೇಳಿದ್ದಕ್ಕೆ ನಾಲ್ಕು ತಿಂಗಳು ಗೋಡೆ ನೋಡುತ್ತ ಮಲಗಿದವನು ಇದನ್ನು ತಿಳಿದರೆ ಏನು ಮಾಡಿಯಾನು ಎಂದು ಯೋಚಿಸಿದಳು. ಡಬ್ಬಿಗಳನ್ನು ಒಂದೊಂದಾಗಿ ಆಡಿನ ಗೂಡಿನ ಅಟ್ಟಕ್ಕೆ ಒಯ್ದು, ಅತ್ತೆಗೆ ಕೆಮ್ಮು ಬರುತ್ತದೆಂದು ನೆವ ಹೇಳಿದಳು.

ಶುಕ್ರವಾರ ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಗದ್ದೆಮ್ಮ, ಪಾತ್ರಿ ತೊಳದ ಸೋಪಿನ ನೀರು ತೋಟಕ್ಕ ತಿರುವಿದಾಕಿ ನೀನ ಹೌದಲ್ಲೋ?"

"ಎರಡು ಸರ್ತಿ ತಿರುವೀನ್ರಿ. ಈಕಿಗೆ ನಾಕು ಕೊಡ ಕಮ್ಮಿ ಆಗಲಿ ಅಂತ."

"ಅದಕ್ಕ ಗಿಡೆಲ್ಲ ಸುಟ್ಟು ಹೋಗ್ಯಾವ. ಸತ್ತ ಕೂಸಿನ ಹೆಸರಿನ ತೋಟ! ನಾಳೆ ಶಾಲಿ ಕಮಿಟಿಯವರು ಬರ್ತಾರ, ನಿನ್ನ ತಗದು ಬ್ಯಾರೆಯವರ್ನ ಹಾಕ್ರಿ ಅಂತ ಬರೀತೀನಿ."

"ಸೋಪಿನ ನೀರಿಗೆ ಸಾಯೂದಾದ್ರ ನಮ್ಮನಿ ಹಿಂದಿನ ಬಾಳಿ ಎಂದೋ ಸತ್ತಿರಬೇಕಿತ್ರೀ ಮೇಡಮ್ಮಾರ" ಎಂದಳು ಗದ್ದೆಮ್ಮ. ಅವಳ ಮಗಳು ದೀಪಿಕಾ ಲಿಂಗಸುಗೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು. ಈ ಕೆಲಸ ಹೋದರೆ ಆ ಹುಡುಗಿ ಮರಳಿ ನಾಟಿಯ ಗದ್ದೆಗೇ ಬರಬೇಕು.

ಮೇಡಂ ಹೋದರು. ಗದ್ದೆಮ್ಮ ವಸೀಮಾಳ ಕಡೆ ತಿರುಗಿ, "ನೀ ಆದ್ರೂ ನಂಬತೀಯೇನಬೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಕಣ್ಣೊರೆಸುತ್ತ ಬೇಳೆ ತೊಳೆಯಲು ಹೊರಗೆ ಹೋದಳು.

ವಸೀಮಾ ಒಬ್ಬಳೇ ಉಳಿದಳು. ನೂರ ಎಂಬತ್ತು ಮಕ್ಕಳ ಅನ್ನ ಕುದಿಯುತ್ತಿತ್ತು. ಗಂಡನ ಹೆಸರು ಹೇಳಿದರೆ ಗದ್ದೆಮ್ಮ ಉಳಿಯುತ್ತಾಳೆ; ಸಂಜೆಯ ಒಳಗೆ ಮಾತು ಹೋಟೆಲ್ ಕಟ್ಟೆ ಮುಟ್ಟುತ್ತದೆ, ಅಲ್ಲಿಂದ ಅವನ ಕಿವಿ. ಸುಮ್ಮನಿದ್ದರೆ ಅವನು ಉಳಿಯುತ್ತಾನೆ. ತಾನೇ ಮಾಡಿದೆನೆಂದರೆ ಇಬ್ಬರೂ ಉಳಿಯುತ್ತಾರೆ. ಆದರೆ ಇದೇ ಗೋಡೆಯ ಪಕ್ಕದ ಮಣ್ಣಿಗೆ ಮತ್ತೆ ಬರಲು ಯಾರೂ ಬಿಡುವುದಿಲ್ಲ. ಗಿಡ ಸತ್ತರೂ ಜಾಗವಾದರೂ ಇದೆ ಎಂದು ಅವಳು ನಿನ್ನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅನ್ನದ ಉರಿ ಸಣ್ಣ ಮಾಡಿದಳು. ಯಾರನ್ನೂ ಕೇಳಲಿಲ್ಲ, ಗದ್ದೆಮ್ಮನ ಕಡೆ ನೋಡಲಿಲ್ಲ. ಸೀದಾ ಆಫೀಸಿಗೆ ಹೋದಳು.

"ಗದ್ದೆಮ್ಮಕ್ಕನ ಮ್ಯಾಲೆ ಏನೂ ಬರೀಬ್ಯಾಡ್ರಿ ಮೇಡಂ. ಮನ್ಯಾಗಿನ ಹುಲ್ಲಿನ ಎಣ್ಣಿ ತಂದು ನಾನ ಹಾಕೀನಿ."

ಸುರೇಖಾ ಮೇಡಂ ಪೆನ್ನು ಕೆಳಗಿಟ್ಟರು. "ನಿನ್ನ ಮಗಳ ತೋಟಕ್ಕ? ನೀನ? ಯಾಕ?"

"ನೀರು ಹೊತ್ತು ಹೊತ್ತು ಸಾಕಾಗಿತ್ರಿ."

ನಂಬಿಸಲು ಇನ್ನೊಂದು ಮಾತೂ ಬೇಕಾಗಲಿಲ್ಲ.