ಎಡ ಸುರುಳಿಯ ಅಜ್ಜಿಯ ಮೊಮ್ಮಕ್ಕಳು

ಲೈಡನ್ನಿನ ನಮ್ಮ ಪ್ರಯೋಗಾಲಯದಲ್ಲಿ ಕೊಳದ ಬಸವನಹುಳುಗಳನ್ನು ಸಾಕುವವರು ಲೀಲಮ್ಮ. ತಿಪಟೂರಿನವರು. ಗಂಡ ದಿವಾಕರ ಅವರ ಕೆಲಸದಿಂದಾಗಿ ಇಲ್ಲಿಗೆ ಬಂದು, ಡಚ್ ಕಲಿತು, ಒಂಬತ್ತು ವರ್ಷದಿಂದ ಜಾಡಿ ತೊಳೆದು ಲೆಟ್ಯೂಸ್ ಹಾಕುತ್ತಿದ್ದಾರೆ. ಜಾಡಿಯ ಮುಚ್ಚಳ ಓರೆಯಾಗಿದ್ದರೆ ಪ್ರೊಫೆಸರನ್ನೂ ಬಿಡದೆ ಗದರುತ್ತಾರೆ.

ಈ ಹುಳುಗಳ ಚಿಪ್ಪು ಸಾಮಾನ್ಯವಾಗಿ ಬಲಕ್ಕೆ ಸುತ್ತುತ್ತದೆ, ಅಪರೂಪಕ್ಕೆ ಎಡಕ್ಕೆ. ನಮ್ಮಲ್ಲಿದ್ದ ಎಡ ಸುರುಳಿಯ ವಂಶವನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದವರು ಲೀಲಮ್ಮನವರೇ. ಕಳೆದ ಜುಲೈಯ ಸೆಖೆಯಲ್ಲಿ ಕೋಣೆಯ ಎಸಿ ಕೆಟ್ಟು, ಶನಿವಾರ ಭಾನುವಾರ ಯಾರೂ ಗಮನಿಸದೆ, ಅವೆಲ್ಲ ಸತ್ತುಹೋದವು. ಸೋಮವಾರ ಅವರು ಒಂದೊಂದೇ ಜಾಡಿ ಖಾಲಿ ಮಾಡುತ್ತಾ ಅತ್ತರು. ನಾನು ಪಿಎಚ್‌ಡಿಗೆ ಸೇರಿ ಮೂರು ವಾರವಾಗಿತ್ತು. ಹುಳುವಿಗಾಗಿ ಅಳುವವರನ್ನು ಅದುವರೆಗೆ ಕಂಡಿರಲಿಲ್ಲ.

ಆ ಜಾಡಿಗಳಿದ್ದ ಕಪಾಟಿನ ಕೆಳಗಿನ ಸಾಲಿನಲ್ಲಿ ಹನ್ನೊಂದು ಜಾಡಿಗಳಲ್ಲಿ ಒಂಟಿ ಹುಳುಗಳು ಬದುಕಿ ಉಳಿದಿದ್ದವು. ಎಲ್ಲವೂ ಬಲ ಸುರುಳಿಯವು. ಬೇಡವಾದ ಹುಳುಗಳನ್ನು ಶುಕ್ರವಾರ ಫ್ರೀಜರಿಗೆ ಹಾಕಿ ಕೊಲ್ಲುವುದು ನಮ್ಮಲ್ಲಿನ ರೂಢಿ. ಮೈಸೂರಿನಿಂದ ಚಿನ್ನದ ಪದಕ ಹೊತ್ತು ತಂದಿದ್ದ ನಾನು ನಿಂತಲ್ಲೇ ತೀರ್ಪು ಕೊಟ್ಟೆ.

“ಆಂಟಿ, ಇವು ಹೇಗೋ ಮಿಕ್ಸ್ ಆಗಿರೋವು. ಫ್ರೀಜರ್‌ಗೆ ಹಾಕ್ಬಿಡಿ.”

“ಹಾಕಲ್ಲ.”

“ಲೆಫ್ಟ್ ಲೈನ್ ಹೋಯ್ತಲ್ಲ ಆಂಟಿ. ಇವನ್ನ ಇಟ್ಕೊಂಡು ಏನ್ ಮಾಡ್ತೀರಾ?”

ಅವರು ಜಾಡಿಗೆ ಅಂಟಿಸಿದ್ದ ಚೀಟಿ ತೋರಿಸಿದರು. ಕನ್ನಡದಲ್ಲಿ ಬರೆದಿತ್ತು: ಅಜ್ಜಿ ಎಡ, ಅಜ್ಜ ಬಲ, ತಾಯಿ ಎಡ.

“ಮೈ ನೋಡಿ ಹೇಳ್ಬೇಡ ಚಿನ್ಮಯ್. ಇದರ ಚಿಪ್ಪು ಇದರ ತಾಯಿ ಕೊಟ್ಟಿದ್ದು. ಇದರೊಳಗೆ ಏನಿದೆ ಅಂತ ಇದರ ಮಕ್ಕಳನ್ನ ನೋಡಿದ್ಮೇಲೇ ಗೊತ್ತಾಗೋದು ಕಣಪ್ಪ.”

ನನಗೆ ನಾಚಿಕೆಯಾಯಿತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದ ಪಾಠವೇ ಅದು. ಚಿಪ್ಪು ಯಾವ ಕಡೆಗೆ ಸುತ್ತಬೇಕೆಂದು ನಿರ್ಧರಿಸುವುದು ಮರಿಯ ಜೀನ್ ಅಲ್ಲ, ತಾಯಿಯದು. ತಾಯಿಯ ಚಿಪ್ಪು ಎಡವಾದರೂ, ಅಜ್ಜನಿಂದ ಬಂದ ಬಲದ ಜೀನ್ ಒಂದು ಅದರಲ್ಲಿದ್ದರೆ ಮರಿಗಳೆಲ್ಲ ಬಲ ಸುರುಳಿಯವೇ. ಆದರೆ ಆ ಮರಿಗಳಲ್ಲಿ ನಾಲ್ಕಕ್ಕೊಂದರಲ್ಲಿ ಬರೀ ಎಡದ ಜೀನೇ ಇರಬಹುದು. ಅಂಥದರ ಮರಿಗಳೆಲ್ಲ ಮತ್ತೆ ಎಡ ಸುರುಳಿಯವು. ಪುಸ್ತಕದಲ್ಲಿ ಇದು ಚೆನ್ನಾಗಿ ಅರ್ಥವಾಗಿತ್ತು. ಹುಳು ಎದುರಿಗೆ ಬಂದಾಗ ಮಾತ್ರ ನನಗೆ ಚಿಪ್ಪಷ್ಟೇ ಕಂಡಿತ್ತು.

ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿರುವ ಈ ಹುಳುಗಳು ಜೊತೆಯಿಲ್ಲದೆಯೂ ಮೊಟ್ಟೆ ಇಡುತ್ತವೆ. ಕಾದೆವು. ಲೀಲಮ್ಮ ರಜೆಯ ದಿನವೂ ಬಂದು ನೀರಿನ ಬಿಸಿ ನೋಡಿ ಹೋಗುತ್ತಿದ್ದರು. ಕೊನೆಗೆ ಗಾಜಿನ ಮೇಲೆ ಮೊಟ್ಟೆಯ ಲೋಳೆ ಕಾಣಿಸಿಕೊಂಡಿತು. ವಾರ ಬಿಟ್ಟು ಅವನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಮೊದಲ ಆರು ಜಾಡಿಯವೂ ಬಲವೇ. ಪಕ್ಕದಲ್ಲಿ ನಿಂತಿದ್ದ ಲೀಲಮ್ಮನವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಏಳನೆಯದನ್ನು ನೋಡಿ ಕುರ್ಚಿ ಬಿಟ್ಟು ಎದ್ದೆ.

“ನೀವೇ ನೋಡಿ ಆಂಟಿ.”

ಕೈ ಒರೆಸಿಕೊಂಡು ಕುಳಿತರು. ಕಣ್ಣು ಎಲ್ಲಿಡಬೇಕು ಎಂದು ಕೇಳಿದರು. ಒಂಬತ್ತು ವರ್ಷದಲ್ಲಿ ಅವರನ್ನು ಆ ಕುರ್ಚಿಯಲ್ಲಿ ಯಾರೂ ಕೂರಿಸಿರಲಿಲ್ಲ.

ಬಹಳ ಹೊತ್ತು ನೋಡಿದರು.

“ಎಲ್ಲಾ ಎಡ,” ಎಂದರು. ಆಮೇಲೆ ಕಣ್ಣು ತೆಗೆಯದೆಯೇ ಮೆಲ್ಲಗೆ ಕೇಳಿದರು, “ಮೊಟ್ಟೆಯೊಳಗಿದ್ದಾಗಲೂ ಹಿಂಗೆ ತಿರುಗ್ತಾ ಇರ್ತಾವಾ ಮರಿಗಳು? ನಂಗೆ ಗೊತ್ತೇ ಇರ್ಲಿಲ್ಲ.”